ಖಾರಘರದ ಗುಡ್ಡದ ಮೇಲೊಂದು ಊಟ

ಮೈಸೂರಿನಿಂದ ಬಂದ ರೈಲು ಎರಡು ಗಂಟೆ ತಡವಾಗಿ, ಬೆಳಿಗ್ಗೆ ಆರೂವರೆಗೆ ಕಲ್ಯಾಣ ತಲುಪಿತು. ಎರಡು ಸಾವಿರದ ಹದಿಮೂರರ ಜುಲೈ. ಲೋಣಾವಳೆಯಿಂದಲೇ ಹಿಡಿದಿದ್ದ ಮಳೆ ಪ್ಲಾಟ್‌ಫಾರ್ಮಿನ ತಗಡಿನ ಮೇಲೆ ಒಂದೇ ಸಮನೆ ಬೀಳುತ್ತಿತ್ತು. ಕರೆದೊಯ್ಯಲು ತಮ್ಮ ರಘು ಬರುತ್ತಾನೆಂದು ಕಾಯುತ್ತಿದ್ದ ನನ್ನ ಎದುರು ಬಂದು ನಿಂತವಳು ಅವನ ಹೆಂಡತಿ ಮಾನಸಿ. ಅವಳನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ.

"ಅಕ್ಕಾ, ದಾರಿಯಲ್ಲ್ ತೊಂದ್ರೆ ಆಯ್ಲಿಲ್ಲ ಅಲ್ದಾ?" ಎಂದು ಕೇಳಿ ನನ್ನ ಚೀಲಕ್ಕೆ ಕೈ ಹಾಕಿದಳು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಮರಾಠಿ ಹುಡುಗಿಯ ಬಾಯಲ್ಲಿ ಕುಂದಾಪುರದ ಕನ್ನಡ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. "ರಘು ಎಲ್ಲಿ?" ಎಂದೆ. ಆಫೀಸಿನ ಕೆಲಸ ಬಿದ್ದು ಪುಣೆಗೆ ಹೋಗಿದ್ದಾನೆ, ಭಾನುವಾರ ಬರುತ್ತಾನೆ ಎಂದಳು. ಅಂದು ಗುರುವಾರ. ಮೂರು ದಿನ ನಾವಿಬ್ಬರೇ.

ಓದುವವರಿಗೆ ಹಿಂದಿನದನ್ನು ಹೇಳಿಬಿಡಬೇಕು. ಅಮ್ಮ ತೀರಿಕೊಂಡಾಗ ರಘುವಿಗೆ ಹನ್ನೊಂದು ವರ್ಷ, ನನಗೆ ಇಪ್ಪತ್ತಮೂರು. ಅವನನ್ನು ಬೆಳೆಸಿದವಳು ನಾನು. ಕಾಲೇಜಿನ ಗ್ರಂಥಾಲಯದ ಕೆಲಸ ಮಾಡಿಕೊಂಡು ಓದಿಸಿದೆ, ಸಂಬಂಧದಲ್ಲೇ ಹುಡುಗಿಯನ್ನೂ ನೋಡಿಟ್ಟಿದ್ದೆ. ಅವನು ಐರೋಲಿಯ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಮಾನಸಿಯನ್ನು ಮೆಚ್ಚಿದ. ಮದುವೆಗೆ ನಾನು ಹೋಗಲಿಲ್ಲ. ಮಾನಸಿಯ ಅಪ್ಪ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಮೂರು ವರ್ಷ ಹೀಗೇ ಕಳೆಯಿತು. ರಘು ಹಬ್ಬಹರಿದಿನಕ್ಕೆ ಫೋನ್ ಮಾಡುತ್ತಿದ್ದ. ಆ ಯುಗಾದಿಗೆ ಫೋನ್ ಅವಳ ಕೈಗೆ ಹೋಯಿತು. "ಮಳೆಗಾಲದಲ್ಲಿ ಬನ್ನಿ ಅಕ್ಕಾ, ಆವಾಗ ಇಲ್ಲಿ ಚೆನ್ನಾಗಿರುತ್ತೆ" ಎಂದು ಬರೆದಿಟ್ಟುಕೊಂಡು ಓದಿದಂತೆ ಹೇಳಿದಳು. ಇಲ್ಲವೆನ್ನಲು ನನಗೆ ನಾಲಿಗೆ ಬರಲಿಲ್ಲ.

ಕಲ್ಯಾಣದಿಂದ ಲೋಕಲ್ ಹಿಡಿದು ಎರಡನೆಯ ಸ್ಟೇಷನ್ನಾದ ಡೊಂಬಿವಲಿಯಲ್ಲಿ ತಿಂಡಿಗೆಂದು ಇಳಿದೆವು. ಕೆಲಸಕ್ಕೆ ಹೋಗುವವರ ಹೊತ್ತು. ಇಳಿದೆವು ಅನ್ನುವುದಕ್ಕಿಂತ ಜನ ನಮ್ಮನ್ನು ಇಳಿಸಿದರು. ಮಾನಸಿ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನನ್ನ ತೋಳು ಹಿಡಿದಿದ್ದಳು. ಸ್ಟೇಷನ್ನಿನ ಪೂರ್ವಕ್ಕೆ ಐದು ನಿಮಿಷ ನಡೆದರೆ ಒಂದು ಸಣ್ಣ ಹೋಟೆಲು, ಎಂಟೇ ಮೇಜು. ಗಲ್ಲಾದಲ್ಲಿದ್ದ ಯಜಮಾನರನ್ನು ಎಲ್ಲರೂ ಶೀನಣ್ಣ ಎನ್ನುತ್ತಿದ್ದರು. ಬೈಂದೂರಿನ ಕಡೆಯವರು, ಇಲ್ಲಿಗೆ ಬಂದು ಮೂವತ್ತು ವರ್ಷವಾಯಿತಂತೆ.

"ನಿಮ್ಮ್ ಊರ್ ಯಾವ್ದ್?" ಎಂದರು.

"ಮೈಸೂರು."

"ಹಂಗಾರೆ ಮಸಾಲೆ ದೋಸೆ ಕೊಡೂಕೆ ನಂಗ್ ಹೆದ್ರಿಕೆ ಆತ್ತ್. ಬೋರ್ಡಲ್ಲ್ ಇಲ್ದಿದ್ದ್ ಒಂದ್ ಕೊಡ್ತೆ, ಕೂಕಣಿ."

ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು ಬಂತು. ಎಲೆ ಬಿಡಿಸಿದಾಗ ಬಂದ ಹಬೆಗೇ ರಾತ್ರಿಯ ಪ್ರಯಾಣದ ದಣಿವು ಅರ್ಧ ಇಳಿಯಿತು. ಜೊತೆಗೆ ತೆಂಗಿನಕಾಯಿ ಚಟ್ನಿ, ಮೇಲೊಂದು ಚಮಚ ಕೊಬ್ಬರಿ ಎಣ್ಣೆ. ಮಾನಸಿ ಕೈ ತೊಳೆಯಲು ಎದ್ದು ಹೋದಾಗ ಶೀನಣ್ಣ ನನ್ನ ಮೇಜಿನ ಹತ್ತಿರ ಬಂದರು. "ಈ ಹೆಣ್ಣ್ ನಾಕ್ ತಿಂಗ್ಳಿಂದ ಪ್ರತಿ ಶನಿವಾರ ಬತ್ತ್. ಆ ಮೂಲಿ ಮೇಜಲ್ಲ್ ಕೂಕಂಡ್ ನನ್ನತ್ರ ಕನ್ನಡ ಕಲೀತ್ತ್. ಅತ್ತಿಗಿ ಬತ್ರ್, ಅವ್ರತ್ರ ಹಿಂದಿಯಲ್ಲ್ ಮಾತಾಡೂಕ್ ನಂಗ್ ಮನ್ಸಿಲ್ಲ ಅಂತ್. ನಂಗ್ ಬಪ್ಪುದ್ ನಮ್ಮ್ ಊರ್ ಕನ್ನಡ, ಅದನ್ನೇ ಕಲ್ಸ್ದೆ. ತಪ್ಪಿದ್ರೆ ನಂದ್, ಅವ್ಳದ್ದಲ್ಲ."

ನಾನು ತಲೆ ತಗ್ಗಿಸಿ ಕಡುಬು ತಿಂದೆ. ಹೋಗುವಾಗ ಶೀನಣ್ಣನಿಗೆ ಕೈ ಮುಗಿದೆ. ಮಾನಸಿಗೆ ಮಾತ್ರ ಏನೂ ಹೇಳಲಿಲ್ಲ. ಹೇಳಬೇಕಿತ್ತು ಎಂದು ರೈಲು ಹತ್ತಿದ ಮೇಲೆ ಅನಿಸಿತು.

ಠಾಣೆ ನಗರದವರೆಗೆ ನಿಧಾನದ ಗಾಡಿ. ಮುಂಬ್ರಾದ ಹತ್ತಿರ ಒಂದು ಕಡೆ ಖಾಡಿಯ, ಅಂದರೆ ಒಳನಾಡಿಗೆ ನುಗ್ಗಿದ ಸಮುದ್ರದ, ಬೂದು ನೀರು, ಇನ್ನೊಂದು ಕಡೆ ಕಡಿದಾದ ಗುಡ್ಡ. ಕಪ್ಪು ಬಂಡೆಯ ಮೇಲಿಂದ ಹತ್ತಾರು ಕಡೆ ನೀರು ಸಣ್ಣಗೆ ಇಳಿಯುತ್ತಿತ್ತು. ಮೋಡ ಸರಿದಾಗ ಗುಡ್ಡದ ಎತ್ತರದಲ್ಲಿ ದೇವಿಯ ಗುಡಿ ಕಂಡು ಮತ್ತೆ ಮರೆಯಾಯಿತು. ಬೋಗಿಯಲ್ಲಿದ್ದ ಹೆಂಗಸರಲ್ಲಿ ಇಬ್ಬರು ತರಕಾರಿ ಬಿಡಿಸುತ್ತಿದ್ದರು. ಅವರು ಕಿಟಕಿಯತ್ತ ನೋಡದೆಯೇ, ಅಭ್ಯಾಸಬಲದಿಂದ, ಗುಡಿಯ ದಿಕ್ಕಿಗೆ ಬೆರಳನ್ನು ತುಟಿಗೆ ತಾಗಿಸಿ ನಮಸ್ಕರಿಸಿದರು. ಠಾಣೆಯಲ್ಲಿ ಗಾಡಿ ಬದಲಿಸಿ, ಪನವೇಲಿಗೆ ಹೋಗುವ ಲೋಕಲ್ಲಿನಲ್ಲಿ ಮುಕ್ಕಾಲು ಗಂಟೆ ಕೂತು ಖಾರಘರದಲ್ಲಿ ಇಳಿದೆವು. ಅವರ ಮನೆ ಹನ್ನೊಂದನೆಯ ಮಹಡಿ. ಅಡುಗೆಮನೆಯ ಕಿಟಕಿಯ ತುಂಬ ಹಸಿರು ಗುಡ್ಡ.

ಶುಕ್ರವಾರ ಮಾನಸಿ ರಜೆ ಹಾಕಿ ನನ್ನನ್ನು ಮತ್ತೆ ಠಾಣೆಗೆ ಕರೆದೊಯ್ದಳು. ಉಪವನ ಕೆರೆಯ ಸುತ್ತ ಕೊಡೆ ಹಿಡಿದು ಒಂದು ಸುತ್ತು ಬಂದೆವು. ಹಿಂದೆ ಯೇವೂರಿನ ಕಾಡು, ಮುಂದೆ ಕೆರೆ, ಕಟ್ಟೆಯ ಮೇಲೆ ಕೆಂಡದಲ್ಲಿ ಸುಟ್ಟ ಜೋಳದ ತೆನೆಗೆ ನಿಂಬೆಹಣ್ಣು, ಖಾರ ತಿಕ್ಕಿ ಕೊಡುವ ಹೆಂಗಸರು. ಮಧ್ಯಾಹ್ನ ನೌಪಾಡಾದ ಹಳೆಯ ಬೀದಿಯೊಂದರಲ್ಲಿ ಮಿಸಳ್ ತಿಂದೆವು. ಮೊಳಕೆ ಕಾಳಿನ ಮೇಲೆ ಕೆಂಪು ಸಾರು, ಅದರ ಮೇಲೆ ಖಾರಾ ಮಿಕ್ಸ್‌ಚರು, ಜೊತೆಗೆ ಪಾವ್. ಎರಡನೆಯ ತುತ್ತಿಗೆ ನನ್ನ ಕಣ್ಣಲ್ಲಿ ನೀರು. ಅವಳು ತನ್ನ ಮೊಸರಿನ ಬಟ್ಟಲನ್ನು ನನ್ನ ಕಡೆ ಸರಿಸಿದಳು. ಊಟ, ಮಳೆ, ರೈಲು ಇಷ್ಟರ ಬಗ್ಗೆ ನಾವು ದಿನವಿಡೀ ಮಾತಾಡಿದೆವು. ಮದುವೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಏಳಕ್ಕೆ ಗುಡ್ಡ ಹತ್ತಲು ಹೊರಟೆವು. ಮಳೆ ನಿಂತಿತ್ತು. ಮೇಲಿನ ಆದಿವಾಸಿ ಹಾಡಿಗಳವರೆಗೆ ಡಾಂಬರು ರಸ್ತೆ ಇದೆ. ಗಂಟೆಯೊಳಗೆ ಮೇಲಿದ್ದೆವು. ಒಂದು ಕಡೆ ಖಾರಘರದ ಎತ್ತರದ ಕಟ್ಟಡಗಳು ಬೆಂಕಿಪೆಟ್ಟಿಗೆ ನಿಲ್ಲಿಸಿದಂತೆ, ಅದರಾಚೆ ಖಾಡಿ, ಅದಕ್ಕೂ ಆಚೆ ಮಂಜಿನಲ್ಲಿ ಸಮುದ್ರವೋ ಆಕಾಶವೋ ತಿಳಿಯದ ಒಂದು ಗೆರೆ. ರಸ್ತೆ ಬಿಟ್ಟು, ಪಾದ ಮುಳುಗುವಷ್ಟು ನೀರಿದ್ದ ಒಂದು ಹಳ್ಳ ದಾಟಿ, ಚೆನ್ನಾಗಿ ಕಾಣುವ ಬಂಡೆಯೊಂದರ ಮೇಲೆ ಕೂತೆವು. ಅವಳು ತಂದಿದ್ದ ಕಾಂದಾಪೋಹೆ, ನಮ್ಮ ಈರುಳ್ಳಿ ಅವಲಕ್ಕಿ, ತಿನ್ನುತ್ತಿದ್ದಾಗ ಮಳೆ ಶುರುವಾಯಿತು. ಎದುರಿನ ಮನುಷ್ಯ ಕಾಣದಂಥ ಮಳೆ. ಗಾಳಿಗೆ ನಿಲ್ಲದ ಕೊಡೆ ಮಡಿಸಿ ಹಿಂದಕ್ಕೆ ತಿರುಗಿದೆವು. ಅರ್ಧ ಗಂಟೆಯಲ್ಲಿ ಹಳ್ಳದ ನೀರು ಮೊಣಕಾಲಿಗೆ ಬಂದಿತ್ತು.

ಆಚೆ ದಡ ಹದಿನೈದು ಹೆಜ್ಜೆ ಇರಬಹುದು. ನಾನು ಸೀರೆ ಎತ್ತಿ ಕಟ್ಟಿದೆ.

"ಬ್ಯಾಡ ಅಕ್ಕಾ. ದಾಟುಕಾಗ," ಎಂದಳು ಮಾನಸಿ.

"ಮೊಣಕಾಲುದ್ದ ನೀರು. ನಾನು ಕಾವೇರಿಯಲ್ಲಿ ಈಜು ಕಲಿತವಳು."

"ಇದ್ ಕಾವೇರಿ ಅಲ್ಲ. ಮೇಲಿಂದ ಬತ್ತ್. ನಿಲ್ಲಿ."

"ನನಗೆ ಹೇಳಿಕೊಡೋದಕ್ಕೆ ಬರಬೇಡ ನೀನು," ಎಂದು ಒಂದು ಕಾಲನ್ನು ನೀರಿಗಿಟ್ಟೆ. ಮೂರು ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು ಅದು, ಹಳ್ಳದ ನೆಪಕ್ಕೆ ಹೊರಬಂತು. ಅವಳು ನನ್ನ ಮುಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆಸರಿನಲ್ಲೇ ಕೂತುಬಿಟ್ಟಳು. ಎಳೆದೆ, ಬಿಡಲಿಲ್ಲ. ಬಳೆ ಒತ್ತಿ ಕೈ ನೋಯುತ್ತಿತ್ತು. ಇನ್ನೇನೋ ಕಟುವಾಗಿ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಲಿನಿಂದ ಲಾರಿ ಬಂದಂತೆ ಸದ್ದಾಯಿತು.

ನೀರು ಒಮ್ಮೆಲೇ ಕೆಂಪಾಗಿ, ಆಳೆತ್ತರ ಎದ್ದು ಬಂತು. ಅದರೊಳಗೆ ಬೇರುಸಹಿತ ಒಂದು ಮರದ ಕಾಂಡ. ನಾನು ನಡೆಯಬೇಕೆಂದಿದ್ದ ಕಲ್ಲುಗಳ ಮೇಲೆ ಅದು ಬಡಿದು ತಿರುಗಿ, ಇಳಿಜಾರಿನಲ್ಲಿ ಕಾಣದಾಯಿತು. ನಾವಿಬ್ಬರೂ ಹಿಂದಕ್ಕೆ ಸರಿದು ಸರಿದು ಒಂದು ಮರಕ್ಕೆ ಒರಗಿ ನಿಂತೆವು. ಅವಳು ಅಳುತ್ತಿದ್ದಳು, ಕೈ ಮಾತ್ರ ಇನ್ನೂ ಬಿಟ್ಟಿರಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆವೋ. ಹಿಂದಿನಿಂದ ಯಾರೋ ಕೂಗಿದರು. ತಲೆಯಿಂದ ಬೆನ್ನಿನವರೆಗೆ ಎಲೆಯ ಗೊರಬು ಹೊದ್ದ ಮುದುಕಿ, ಜೊತೆಗೆ ಎರಡು ಆಡು. ಹಳ್ಳದ ಈಚೆಯ ಹಾಡಿಯವಳು, ಹಿರಾಬಾಯಿ ಎಂದು ಹೆಸರು. ನೀರು ಇಳಿಯುವುದಕ್ಕೆ ಮಧ್ಯಾಹ್ನವಾಗುತ್ತದೆ, ಅಲ್ಲಿಯವರೆಗೆ ಇಲ್ಲಿ ನಿಂತು ಜ್ವರ ತಂದುಕೊಳ್ಳುತ್ತೀರಾ ಎಂದು ಮರಾಠಿಯಲ್ಲಿ ಬೈದಳು. "ಘರಾತ್ ಯಾ," ಎಂದು ಮುಂದೆ ನಡೆದಳು. ಮನೆಗೆ ಬನ್ನಿ ಎಂಬುದು ನನಗೂ ತಿಳಿಯಿತು.

ಹತ್ತು ನಿಮಿಷದ ದಾರಿ. ಮಣ್ಣಿನ ಗೋಡೆ, ಸೆಗಣಿ ಸಾರಿಸಿದ ನೆಲ, ಒಳಗೆ ಉರಿಯುತ್ತಿದ್ದ ಒಲೆ. ಅವಳು ತನ್ನ ಎರಡು ಒಣ ಸೀರೆ ಕೊಟ್ಟಳು. ನಾವು ಉಟ್ಟು ಒಲೆಯ ಮುಂದೆ ಕೂತೆವು. ಹಿರಾಬಾಯಿ ಒಣ ಸಿಗಡಿಯ ಡಬ್ಬಿ ತೆಗೆದು ನನ್ನ ಮುಖ ನೋಡಿದಳು. ಮಾನಸಿ ಏನೋ ಹೇಳಿದಳು. ಮುದುಕಿ ಡಬ್ಬಿಯನ್ನು ಮುಚ್ಚಿಟ್ಟು, ಹಿಂಬದಿಯಿಂದ ಒಂದು ಬೊಗಸೆ ಎಳೆ ಸೊಪ್ಪು ಕಿತ್ತು ತಂದಳು. ನೋಡಿದರೆ ನಮ್ಮ ತಗಚೆ ಸೊಪ್ಪು. ಮಳೆ ಬಿದ್ದೊಡನೆ ನಮ್ಮಲ್ಲಿಯೂ ಬೇಲಿ ಬದಿಯಲ್ಲಿ ಬೆಳೆಯುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಬಾಡಿಸಿದಳು. ಅಕ್ಕಿ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ಅಂಗೈಯಲ್ಲೇ ತಟ್ಟಿ ಮಣ್ಣಿನ ಹಂಚಿಗೆ ಹಾಕಿದಳು. ನಾನು ಬೆಳ್ಳುಳ್ಳಿ ತಿನ್ನುವವಳಲ್ಲ. ಅಂದು ಮೂರು ಭಾಕ್ರಿ ತಿಂದೆ. ಹಸಿವು ಒಂದು ಕಾರಣ, ಬದುಕಿದ್ದೇನೆ ಎನ್ನುವುದು ಇನ್ನೊಂದು. ಅಷ್ಟು ರುಚಿಯ ಊಟ ನಾನು ಮತ್ತೆ ಉಂಡಿಲ್ಲ.

ಮುದುಕಿ ಆಡಿಗೆ ಹುಲ್ಲು ಹಾಕಲು ಹೊರಗೆ ಹೋದಳು. ನಾನು ಒಲೆಯನ್ನೇ ನೋಡುತ್ತ ಹೇಳಿದೆ, "ಮದುವೆಗೆ ನಾನು ಬರಬೇಕಿತ್ತು. ನಿಮ್ಮ ಅಪ್ಪನ ಫೋನನ್ನಾದರೂ ಎತ್ತಬೇಕಿತ್ತು. ತಪ್ಪು ಮಾಡಿದೆ."

ಮಾನಸಿ ತಟ್ಟೆಯಲ್ಲಿ ಉಳಿದ ಸೊಪ್ಪನ್ನು ಭಾಕ್ರಿಯ ಚೂರಿನಲ್ಲಿ ಬಳಿಯುತ್ತಿದ್ದಳು. ಸ್ವಲ್ಪ ಹೊತ್ತು ಕನ್ನಡ ಹುಡುಕಿದಳು.

"ಊಟಕ್ಕ್ ಬಂದ್ರಿ ಅಲ್ದಾ ಅಕ್ಕಾ," ಎಂದಳು.

ಅವಳ ಮುಂಗೈ ಹಿಡಿದುಕೊಂಡು ಕೂತೆ. ನಗು ಮೊದಲು ಬಂದದ್ದು ಅವಳಿಗೆ.

ಎರಡು ಗಂಟೆಗೆ ಮಳೆ ನಿಂತಿತು. ಹಳ್ಳವನ್ನು ಬಳಸಿ ರಸ್ತೆಗೆ ಸೇರುವ ದಾರಿಯನ್ನು ಹಿರಾಬಾಯಿಯೇ ತೋರಿಸಿದಳು. ಏನಾದರೂ ಕೊಡಬೇಕೆಂದು ನಾನು ಪರ್ಸಿಗೆ ಕೈ ಹಾಕಿದೆ. ಅವಳು ಕೈ ಅಲ್ಲಾಡಿಸಿ, ಸೊಪ್ಪಿನ ಒಂದು ಮೂಟೆಯನ್ನು ಹೊರಿಸಿದಳು. ಕೆಳಗೆ ಮಾರುಕಟ್ಟೆಯ ಮೂಲೆಯಲ್ಲಿ ಕೂರುವ ಮಗಳಿಗೆ ಅದನ್ನು ತಲುಪಿಸಬೇಕಂತೆ. ನಾನು ಮತ್ತು ಮಾನಸಿ ಸರದಿಯಲ್ಲಿ ಮೂಟೆ ಹೊತ್ತು ಇಳಿದೆವು. ಮಗಳಿಗೆ ಕೊಟ್ಟಾಗ ಅವಳು ನಮ್ಮ ಮೈಮೇಲಿದ್ದ ತನ್ನ ಅಮ್ಮನ ಸೀರೆಗಳನ್ನು ಗುರುತು ಹಿಡಿದು ಬಾಯಿಗೆ ಕೈ ಇಟ್ಟುಕೊಂಡಳು.

ಭಾನುವಾರ ರಘು ಬಂದ. ಎಲ್ಲಿಗೆ ಹೋಗೋಣ ಅಕ್ಕ, ಬೇಲಾಪುರದ ಕೋಟೆಗಾ, ವಾಶಿಯ ಖಾಡಿಯ ದಂಡೆಗಾ ಎಂದು ಕೇಳಿದ. "ಡೊಂಬಿವಲಿಗೆ, ಮಾನಸಿಯ ಅಪ್ಪ ಅಮ್ಮನ ಮನೆಗೆ" ಎಂದೆ. ಅವನು ನನ್ನನ್ನೂ ಹೆಂಡತಿಯನ್ನೂ ನೋಡಿ, ಬೂಟು ಬಿಚ್ಚುತ್ತಿದ್ದವನು ಮತ್ತೆ ಹಾಕಿಕೊಂಡ.

ಎರಡು ಕೋಣೆಯ ಹಳೆಯ ಮನೆ. ಮಾನಸಿಯ ಅಪ್ಪ ಮುನಸಿಪಾಲಿಟಿಯ ಶಾಲೆಯಲ್ಲಿ ಮೇಷ್ಟರಾಗಿ ನಿವೃತ್ತರಾದವರು. ಬಾಗಿಲು ತೆರೆದವರು ಅವರೇ. ನಾನು ಹಿಂದಿಯಲ್ಲಿ ಸಿದ್ಧಮಾಡಿಕೊಂಡು ಹೋಗಿದ್ದ ಕ್ಷಮೆಯ ಮಾತು ಅರ್ಧಕ್ಕೇ ನಿಂತಿತು. ಅವರು, "ಪೆಹಲೇ ಚಾಯ್," ಎಂದರು; ಮೊದಲು ಚಹಾ, ಮಿಕ್ಕದ್ದು ಆಮೇಲೆ. ಅವರ ಹೆಂಡತಿ ಕೆಸುವಿನೆಲೆಗೆ ಹಿಟ್ಟು ಬಳಿದು ಸುರುಳಿ ಸುತ್ತಿದ ಅಳೂವಡಿ ಕರಿದರು. ತುದಿಯ ಗರಿಗರಿ ತುಂಡುಗಳನ್ನೆಲ್ಲ ಆರಿಸಿ ನನ್ನ ತಟ್ಟೆಗೆ ಹಾಕಿದರು. ಸಂಜೆ ಐವರೂ ಕಲ್ಯಾಣದ ದುರ್ಗಾಡಿ ಕೋಟೆಯ ಮೇಲೆ ಹೋಗಿ ನಿಂತೆವು. ಕೆಳಗೆ ಉಲ್ಹಾಸ ನದಿ ತುಂಬಿ ಹರಿಯುತ್ತಿತ್ತು. ಮೇಷ್ಟರು, ಹಿಂದೆ ಇಲ್ಲಿಂದ ಹಡಗುಗಳು ಹೊರಡುತ್ತಿದ್ದವು ಎಂದು ಪಾಠ ಹೇಳಿದಂತೆ ವಿವರಿಸಿದರು. ನಾನು ಗ್ರಂಥಾಲಯದವಳೆಂದು ತಿಳಿದು ಒಂದರ ಮೇಲೊಂದು ಪ್ರಶ್ನೆ ಕೇಳಿದರು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸೋಮವಾರ ಕಲ್ಯಾಣ ಸ್ಟೇಷನ್ನಿಗೆ ಎಲ್ಲರೂ ಬಂದಿದ್ದರು. ರಘು ನನ್ನ ಸೀಟಿನ ಕೆಳಗೆ ಚೀಲವನ್ನು ಮೂರು ಸಲ ಸರಿಸಿಟ್ಟ. ಮಾನಸಿ ಕಿಟಕಿಯ ಸರಳಿನಿಂದ ಕೈ ಒಳಗೆ ಹಾಕಿ, "ಮುಂದಿನ ಸಲ ಒಂದ್ ತಿಂಗ್ಳ್ ಇಪ್ಪುಕೆ ಬನಿ," ಎಂದಳು. ಅವಳ ಅಮ್ಮ ಒಂದು ಪೊಟ್ಟಣ ಕೊಟ್ಟರು. ಗಾಡಿ ಹೊರಟಿತು.

ಬದ್ಲಾಪುರ ದಾಟಿ ಗುಡ್ಡಗಳು ಹತ್ತಿರವಾದಾಗ ಪೊಟ್ಟಣ ಬಿಚ್ಚಿದೆ. ಎಳ್ಳು ಹಾಕಿ ತಟ್ಟಿದ ಥಾಲಿಪೀಠದ ರೊಟ್ಟಿ, ಒಂದು ಸಣ್ಣ ಡಬ್ಬಿಯಲ್ಲಿ ಬೆಣ್ಣೆ, ಕಾಗದದಲ್ಲಿ ಸುತ್ತಿದ ನಿಂಬೆ ಉಪ್ಪಿನಕಾಯಿ. ಎದುರಿನ ಸೀಟಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದ ಹೆಂಗಸೊಬ್ಬರಿದ್ದರು. ಅವರಿಗೂ ಒಂದು ಕೊಟ್ಟೆ.

"ಭಾಳ ಛಲೋ ಆಗ್ಯಾವ್ರೀ. ಯಾರ್ ಮಾಡಿ ಕೊಟ್ರು?" ಎಂದು ಕೇಳಿದರು.

"ನಮ್ಮ ಬೀಗರು," ಎಂದೆ. ಮೂರು ವರ್ಷದಲ್ಲಿ ಆ ಮಾತನ್ನು ನಾನು ಆಡಿದ್ದು ಅದೇ ಮೊದಲು.