ಮುಂಚೆಯೇ ಮೊಳಗಿದ ಗಟ್ಟಿಮೇಳ

ಲಷ್ಕರ್ ಮೊಹಲ್ಲಾದಲ್ಲಿ ಹಳೆಯ ಮದುವೆ ಕ್ಯಾಸೆಟ್‌ಗಳನ್ನು ಡಿವಿಡಿಗೆ ಹಾಕಿಕೊಡುತ್ತಿದ್ದ ಆತ ಕೂತಲ್ಲಿ ಕೂರುತ್ತಿರಲಿಲ್ಲ. ಕೂತರೂ ಮಂಡಿ ಕುಣಿಯುತ್ತಿತ್ತು. ಮಾತೆತ್ತಿದರೆ, "ತಡೀರಿ, ಇನ್ನೊಂದ್ಸಲ ನೋಡ್ಬುಡ್ತೀನಿ" ಎನ್ನುತ್ತಿದ್ದ.

ಅಪ್ಪ ತೀರಿಕೊಂಡ ಮೇಲೆ, ಅವರ ಮದುವೆಯ ಕ್ಯಾಸೆಟ್ಟನ್ನು ಅವನಿಗೆ ಕೊಟ್ಟೆವು. ಅದರಲ್ಲಿ ಅಪ್ಪ ತಾಳಿ ಕಟ್ಟುವ ಮೊದಲೇ ಗಟ್ಟಿಮೇಳ ಕೇಳುತ್ತಿತ್ತು. ಕ್ಯಾಸೆಟ್ಟಿನಲ್ಲೇ ಧ್ವನಿ ಮುಂದೋಡಿದೆ ಎಂದುಕೊಂಡು ಆತ ಅದನ್ನು ತುಸು ತಡಮಾಡಿದ. ಗಟ್ಟಿಮೇಳವೇನೋ ಕೂಡಿಬಂತು, ಆದರೆ ಪುರೋಹಿತರ ತುಟಿಗೂ ಮಂತ್ರಕ್ಕೂ ತಾಳೆ ತಪ್ಪಿಹೋಯಿತು. "ಥತ್, ಎಲ್ಲಿ ಕೈಕೊಡ್ತಿದೆ ಇದು!" ಎಂದು ಎಲ್ಲವನ್ನೂ ಅಳಿಸಿ ಮತ್ತೆ ಕನ್ವರ್ಟ್ ಮಾಡಲು ಹೊರಟ.

ಹಿಂದೆ ನಿಂತಿದ್ದ ಅಮ್ಮ ಅಂದಳು: "ಬುಟ್ಬುಡಪ್ಪ, ಮೊದ್ಲಿದ್ದಿದ್ದೇ ಸರಿ. ಅವತ್ತು ನಮ್ಮೆಜಮಾನ್ರ ಕೈ ನಡುಗ್ತಿತ್ತು. ಗಂಟು ಬೀಳೋಕ್ಮುಂಚೇನೇ ವಾಲಗದೋರು ಬಾರಿಸ್ಬುಟ್ರು."

ಆತ ಮೌಸ್ ಮೇಲಿಂದ ಕೈ ತೆಗೆದ. "ತಡೀರಮ್ಮ, ಇನ್ನೊಂದ್ಸಲ ನೋಡ್ಬುಡ್ತೀನಿ" ಎಂದು ಅಪ್ಪನ ಕೈಯನ್ನೇ ನೋಡುತ್ತ ಕೂತ. ಮಂಡಿ ಅಲುಗಲಿಲ್ಲ.