ಪಕ್ಕದ ಮನೆಯವರು ತಂದ ಊಟ

ಕೆಲಸಕ್ಕೆ ಸೇರಿದ ಮೂರನೆಯ ದಿನ ನನ್ನ ಕಣ್ಣೆದುರೇ ಒಬ್ಬ ಅಜ್ಜ ತೀರಿಕೊಂಡರು. ಪಿಪಿಇ ಕಳಚಿ, ಸ್ನಾನ ಮಾಡಿ ಹೊರಗೆ ಬಂದರೆ ಹೆಡ್ ಸಿಸ್ಟರ್ ಜಯಮ್ಮ ನನ್ನ ಕೈಗೆ ಇಡ್ಲಿ ತಟ್ಟೆ ಕೊಟ್ಟರು. ಮೈಯೆಲ್ಲ ಉರಿದುಹೋಯಿತು. ಅಜ್ಜನ ಹೆಣ ಇನ್ನೂ ಒಳಗಿದೆ, ಇವರಿಗೆ ಇಡ್ಲಿ ಹೇಗೆ ಇಳಿಯುತ್ತದೆ ಎಂದುಕೊಂಡೆ.

ಬಾಗಲಕೋಟೆ ಕಡೆಯ ನಮ್ಮ ಓಣಿಯಲ್ಲಿ ಸಾವಾದರೆ, ಮಣ್ಣು ಮಾಡಿ ಬರುವ ತನಕ ಆ ಮನೆಯವರು ಬಾಯಿಗೆ ಏನೂ ಹಾಕುವುದಿಲ್ಲ. ಕೊರೋನಾ ಕಾಲದಲ್ಲಿ ನಾನು ಬೆಂಗಳೂರಿನ ರಾಜಾಜಿನಗರದ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬಂದು, ಕಾಮಾಕ್ಷಿಪಾಳ್ಯದಲ್ಲಿ ರೂಮು ಹಿಡಿದಿದ್ದೆ. ಊರಲ್ಲಿ ಖಡಕ್ ರೊಟ್ಟಿ, ಇಲ್ಲಿ ಬೆಳಗಾದರೆ ಚಿತ್ರಾನ್ನ. ನನ್ನ ಮಾತಿನ ಜೋರಿಗೆ ಓನರ್ ಆಂಟಿ ಮೊದಮೊದಲು ಇವಳು ಜಗಳಕ್ಕೇ ಬಂದಳು ಎಂದುಕೊಂಡಿದ್ದರಂತೆ. ಅದಕ್ಕೆಲ್ಲ ಬೇಗ ಒಗ್ಗಿಕೊಂಡೆ.

ಸಾವಿನ ದಿನದ ಊಟಕ್ಕೆ ಮಾತ್ರ ಒಗ್ಗಲಿಲ್ಲ. ಸತ್ತವರ ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ. ಅವರ ಪರವಾಗಿ ನಾನೇ ಉಪವಾಸ ಇರುತ್ತಿದ್ದೆ. ಒಬ್ಬರ ಅಂತ್ಯಕ್ರಿಯೆ ಆಯಿತೆಂಬ ಸುದ್ದಿ ಬಂದು ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಇನ್ನೊಬ್ಬರು ಹೋಗಿರುತ್ತಿದ್ದರು. ಯಾರಿಗೂ ಹೇಳಲಿಲ್ಲ. ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಒಂದು ಬೆಳಿಗ್ಗೆ ಸೂಜಿ ಚುಚ್ಚುವಾಗ ಕೈ ನಡುಗಿ ಎರಡು ಸಲ ನರ ತಪ್ಪಿತು. ಹಾಸಿಗೆಯಲ್ಲಿದ್ದ ಹೆಂಗಸು ಹೆದರಿ ಕೈ ಎಳೆದುಕೊಂಡಳು. ಜಯಮ್ಮ ಬಂದು ಅವಳ ಪಕ್ಕ ಕೂತರು.

‘ಅಮ್ಮಾ, ಕೈ ಮುಟ್ಲಾ? ಬೇಡ ಅಂದ್ರೆ ನಿಲ್ಲಿಸ್ಬಿಡ್ತೀನಿ.’

ಸ್ವಲ್ಪ ಹೊತ್ತಿಗೆ ಅವಳೇ ಕೈ ಚಾಚಿದಳು. ಹೆದರಿದವರನ್ನು ಕೇಳದೆ ಮುಟ್ಟಬಾರದು ಎಂಬುದು ಜಯಮ್ಮನ ವಾರ್ಡಿನ ಕ್ರಮ.

ಆಮೇಲೆ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬೈಯುತ್ತಾರೆಂದು ತಲೆ ತಗ್ಗಿಸಿದೆ.

‘ಒಂದು ಮಾತು ಕೇಳ್ಲಾ? ಹೇಳ್ಲೇಬೇಕು ಅಂತೇನಿಲ್ಲ. ಯಾವಾಗಿಂದ ಸರಿಯಾಗಿ ಊಟ ಮಾಡಿಲ್ಲ?’

ಅಳುತ್ತಲೇ ಎಲ್ಲ ಹೇಳಿದೆ. ಅಜ್ಜನಿಂದ ಹಿಡಿದು ಒಬ್ಬೊಬ್ಬರ ಹೆಸರನ್ನೂ ಹೇಳಿದೆ. ಜಯಮ್ಮ ತಮ್ಮ ಊಟದ ಡಬ್ಬಿ ತಂದು ಪಕ್ಕದಲ್ಲಿಟ್ಟುಕೊಂಡರು.

‘ನಿಮ್ಮ ಕಡೆ ಮಣ್ಣಾದ್ಮೇಲೆ ಆ ಮನೆಯವ್ರಿಗೆ ಊಟ ಯಾರು ಕೊಡ್ತಾರೆ?’

‘ಬಾಜೂ ಮನ್ಯಾರು ತರ್ತಾರ್ರೀ. ಒಲ್ಲೆ ಅಂದ್ರೂ ಕೇಳಂಗಿಲ್ಲ, ಕುಂದ್ರಿಸಿ ಉಣಸ್ತಾರ.’

‘ಹಾಗಾದ್ರೆ ನಾನು ಪಕ್ಕದ ಮನೆಯವಳು. ನಿನ್ನೆ ಹೋದವ್ರದ್ದು ಮುಗೀತು ಅಂತ ಈಗ ಫೋನ್ ಬಂತು. ಊಟ ಮಾಡು.’

ಅವರ ಡಬ್ಬಿಯಲ್ಲಿ ಅನ್ನ, ಬಸ್ಸಾರು ಇತ್ತು. ಬಸ್ಸಾರು ಎಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು. ಅಷ್ಟು ರುಚಿಯಾದ ಊಟವನ್ನು ಈ ಊರಿನಲ್ಲಿ ಅಲ್ಲಿಯವರೆಗೆ ಉಂಡಿರಲಿಲ್ಲ. ಅಂದಿನಿಂದ ಪ್ರತಿ ಸಾವಿನ ನಂತರ, ಆರೈಕೆ ಮಾಡಿದವರ ಪಕ್ಕ ಇನ್ನೊಬ್ಬರು ಡಬ್ಬಿ ಹಿಡಿದು ಕೂರುವುದು ನಮ್ಮಲ್ಲಿ ರೂಢಿಯಾಯಿತು.

ಕೊರೋನಾ ಹೋಯಿತು, ನಾನು ಇಲ್ಲೇ ಉಳಿದೆ, ಸುಖವಾಗಿದ್ದೇನೆ. ಹೋದ ವರ್ಷ ಊರಿಗೆ ಹೋದಾಗ ಪಕ್ಕದ ಮನೆಯ ಹಿರಿಯರು ತೀರಿಕೊಂಡರು. ಮಣ್ಣಾದ ಮೇಲೆ ಅವ್ವ ಕೊಟ್ಟ ರೊಟ್ಟಿ ಬುಟ್ಟಿ ಹಿಡಿದು ಹೋಗಿ, ಆ ಮನೆಯ ಸೊಸೆಯ ಮುಂದೆ ಕೂತು, ಜಯಮ್ಮನ ವಾರ್ಡಿನ ಕ್ರಮದಂತೆ ಮೊದಲು ಕೇಳಿದೆ.

‘ಉಣ್ತೀಯೇನವಾ, ಬಡಿಸ್ಲೇನು?’

‘ಇದರಾಗ ಕೇಳೋದೇನೈತಿ? ಪೂರಾ ಬೆಂಗಳೂರಾಕಿ ಆಗ್ಯಾಳ,’ ಎಂದು ಓಣಿಯ ಹೆಂಗಸರು ಮುಖ ತಿರುಗಿಸಿದರು. ನನಗೆ ನಾಚಿಕೆಯಾಯಿತು.

ಸೊಸೆ ಮಾತ್ರ ನನ್ನನ್ನೇ ನೋಡಿದಳು. ‘ಈಗ ಬ್ಯಾಡಕ್ಕಾ. ಇನ್ನೊಂದೀಟು ಹೊತ್ತು ಕುಂದ್ರು,’ ಎಂದಳು.