ಹೊರಟು ಕೂತ ಒರೊಜಾಲಿ

ಬಿಷ್ಕೆಕ್‌ನ ನಮ್ಮ ಟ್ಯಾಕ್ಸಿ ನಿಲ್ದಾಣದಲ್ಲಿ ಒರೊಜಾಲಿ ಬೈಕೆಯಷ್ಟು ಸಲ ಪ್ರಯಾಣ ಹೊರಟವರು ಯಾರೂ ಇಲ್ಲ. ಬೈಕೆ ಎಂದರೆ ನಮ್ಮ ಮಾತಿನಲ್ಲಿ ಅಣ್ಣ. ದಿನಕ್ಕೆ ಏಳೆಂಟು ಸಲ ಹೊರಡುತ್ತಿದ್ದರು. ನಾರಿನ್‌ಗೆ, ತಲಾಸ್‌ಗೆ, ಓಶ್‌ಗೆ. ಒಮ್ಮೆಯೂ ಹೋಗುತ್ತಿರಲಿಲ್ಲ.

ಅದು ಅವರ ಉದ್ಯೋಗ, ಕೂಲಿ ಕೊಡುವವರು ಡ್ರೈವರುಗಳು. ನಮ್ಮಲ್ಲಿ ನಾಲ್ಕು ಜನ ತುಂಬಿದ ಮೇಲೇ ಕಾರು ಹೊರಡುವುದು. ಖಾಲಿ ಕಾರಿಗೆ ಯಾರೂ ಹತ್ತುವುದಿಲ್ಲ, ಗಂಟೆಗಟ್ಟಲೆ ಕಾಯಬೇಕಲ್ಲ ಎಂಬ ಹೆದರಿಕೆ. ಒಳಗೆ ಒಂದು ತಲೆ ಕಂಡರೆ ಎರಡನೆಯದು ಬರುತ್ತದೆ, ಎರಡು ಕಂಡರೆ ಮೂರನೆಯದು ಓಡಿ ಬರುತ್ತದೆ. ಆ ಮೊದಲ ತಲೆ ಒರೊಜಾಲಿ ಬೈಕೆಯದು. ಕೋಟಿನ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡು, ತೊಡೆಯ ಮೇಲೊಂದು ಚೀಲ ಇಟ್ಟುಕೊಂಡು, ಗಡಿಯಾರ ನೋಡಿ ನೋಡಿ ನಿಟ್ಟುಸಿರು ಬಿಡುವರು. "ಹೊರಡಪ್ಪಾ ಮಾರಾಯ, ಮದುವೆ ಮುಗಿದುಹೋಗತ್ತೆ!" ಎಂದು ಡ್ರೈವರನನ್ನು ಬೈಯುವರು. ಯಾರ ಮದುವೆ ಎಂದು ಯಾರೂ ಕೇಳಿದವರಿಲ್ಲ. ನಾಲ್ಕನೆಯ ನಿಜವಾದ ಗಿರಾಕಿ ಬಂದ ಕೂಡಲೇ ಡ್ರೈವರ್ ಕಾರಿನ ನೆತ್ತಿಯ ಮೇಲೆ ಎರಡು ಸಲ ತಟ್ಟುವನು. ಬೈಕೆ, "ಅಯ್ಯೋ, ಗುರುತಿನ ಪಾಸ್‌ಪೋರ್ಟ್ ಮನೇಲೇ ಬಿಟ್ಟೆ" ಎಂದು ಇಳಿದು, ಚಹಾ ಕುಡಿದು, ಮುಂದಿನ ಕಾರು ಹತ್ತುವರು.

ನಾನು ಅಲ್ಲಿಗೆ ಹೋದದ್ದು ಇಂಗ್ಲಿಷ್ ಕಲಿಸಲು. ವಿದೇಶೀಯರು ಬರುತ್ತಾರೆ, ಡ್ರೈವರುಗಳಿಗೆ ನಾಲ್ಕು ಮಾತು ಬರಲಿ ಎಂದು ಒಂದು ಪ್ರವಾಸಿ ಸಂಘ ಹನ್ನೆರಡು ಪಾಠಗಳಿಗೆ ನನ್ನನ್ನು ಗೊತ್ತುಮಾಡಿತ್ತು. ಚಹಾದಂಗಡಿಯ ಹಿಂದಿನ ಕೋಣೆಯೇ ಶಾಲೆ. ಟ್ರಿಪ್, ಜರ್ನಿ, ವಾಯೇಜ್ ಎಂದು ಹೋಗುವುದಕ್ಕೆ ಹನ್ನೊಂದು ಇಂಗ್ಲಿಷ್ ಪದ ಬಲ್ಲ ನಾನು, ಹುಟ್ಟಿದ ಕಾಂತ್ ಪಟ್ಟಣ ಬಿಟ್ಟರೆ ಬಿಷ್ಕೆಕ್, ಬಿಷ್ಕೆಕ್ ಬಿಟ್ಟರೆ ಕಾಂತ್, ಇಷ್ಟೇ ಕಂಡವನು. ಏಳನೇ ತರಗತಿಯಲ್ಲಿ ಶಾಲೆಯವರು ಇಸಿಕ್‌ಕುಲ್ ಸರೋವರಕ್ಕೆ ಕರೆದುಕೊಂಡು ಹೋಗಿದ್ದರು. ಬಸ್ಸಿನಲ್ಲಿ ವಾಂತಿ ಮಾಡಿಕೊಂಡೆ. ನನ್ನ ಅನುಭವದ ಗಂಟು ಅಷ್ಟೇ.

ಮೂರನೇ ಪಾಠ 'ಟ್ರಿಪ್' ಎಂಬ ಮಾತಿನದು. ಹಲಗೆಯ ಮೇಲೆ ಒಂದು ಮನೆ ಬರೆದೆ, ಒಂದು ಬೆಟ್ಟ ಬರೆದೆ, ಮಧ್ಯೆ ಬಾಣ ಎಳೆದೆ.

"ಮನೆಯಿಂದ ಹೊರಟು, ಒಂದು ಕಡೆ ಹೋಗಿ, ಕೆಲಸವೋ ಮೋಜೋ ಮುಗಿಸಿ, ವಾಪಸ್ ಬರೋದು ಇದೆಯಲ್ಲ, ಅಷ್ಟೂ ಸೇರಿ ಟ್ರಿಪ್. ಕೆಲಸಕ್ಕೆ ಹೋದರೆ ಬಿಸಿನೆಸ್ ಟ್ರಿಪ್. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಡೇ ಟ್ರಿಪ್. ಜರ್ನಿ ಅಂದರೆ ಬರೀ ಹೋಗೋ ದಾರಿ, ಅದರಲ್ಲೂ ಸ್ವಲ್ಪ ದೂರದ್ದು, ಸ್ವಲ್ಪ ಕಷ್ಟದ್ದು."

"ಇಷ್ಟೆಲ್ಲಾ ಯಾಕೆ ಮೇಷ್ಟ್ರೇ? ನಾವು 'ದಾರಿ' ಅಂದ್ರೆ ಎಲ್ಲಾ ಬಂತಲ್ಲ," ಎಂದ ಎಸೆಂಗುಲ್. ತಲಾಸ್ ಸಾಲಿನ ಹಳೆಯ ಡ್ರೈವರ್ ಅವನು.

ಹಿಂದಿನ ಬೆಂಚಿನಿಂದ ಒರೊಜಾಲಿ ಬೈಕೆ ಕೈ ಎತ್ತಿದರು. ಅವರು ಪಾಠಕ್ಕೆ ಬರುತ್ತಿದ್ದದ್ದು ಕೋಣೆ ಬೆಚ್ಚಗಿದೆ ಎಂದು. "ಕಾರಲ್ಲಿ ಕೂತು, ಓಮಿನ್ ಅಂತ ಪ್ರಾರ್ಥನೆ ಮಾಡಿ, ಆಮೇಲೆ ಇಳಿದುಬಿಟ್ರೆ ಅದಕ್ಕೇನು ಅಂತಾರೆ?"

ನಾನು ಯೋಚಿಸಿದೆ. ಹನ್ನೊಂದೂ ಪದಗಳನ್ನು ತಿರುವಿದೆ. "ಅದಕ್ಕೆ... ಇಂಗ್ಲಿಷಲ್ಲಿ ಏನೂ ಇಲ್ಲ ಬೈಕೆ."

ಎಲ್ಲರೂ ನಕ್ಕರು. "ಹನ್ನೆರಡು ವರ್ಷ ದುಡಿದ್ಯಲ್ಲೋ ಬೈಕೆ, ಒಂದೂ ಟ್ರಿಪ್ ಆಗಿಲ್ಲ ನೋಡು!" ಎಂದ ಎಸೆಂಗುಲ್. ಬೈಕೆಯೂ ನಕ್ಕರು. ಆದರೆ ಪಾಠ ಮುಗಿದ ಮೇಲೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು.

"ಮೇಷ್ಟ್ರೇ, ನನ್ನ ಮಗಳು ಜಿಪಾರ್ ತಲಾಸ್ ಹತ್ರ ಒಂದು ಹಳ್ಳೀಲಿದಾಳೆ. ಕೊಟ್ಟು ಮೂರು ವರ್ಷ ಆಯ್ತು. ಒಂದು ಸಲಾನೂ ಹೋಗಿಲ್ಲ. ಫೋನ್ ಮಾಡಿದಾಗೆಲ್ಲಾ 'ಎಲ್ಲಿದೀಯಪ್ಪಾ, ಯಾವಾಗ ಬರ್ತೀಯ' ಅಂತಾಳೆ. 'ಕಾರಲ್ಲಿ ಕೂತಿದೀನಮ್ಮಾ' ಅಂತೀನಿ. ಸುಳ್ಳಲ್ಲ, ಕೂತೇ ಇರ್ತೀನಿ!"

"ಮತ್ತೆ?"

"ಶನಿವಾರ ಎರಡು ಗಂಟೆಗೆ ಮೊಮ್ಮಗನ ಕಾಲಿನ ದಾರ ಕತ್ತರಿಸ್ತಾರೆ. ನಾನು ಹೋಗದಿದ್ರೆ ಇನ್ನು ಮುಂದೆ ಫೋನೇ ಎತ್ತಲ್ಲ ಅಂದಿದಾಳೆ. ನಿಜವಾಗ್ಲೂ ಎತ್ತಲ್ಲ ಅವಳು. ಅವರಮ್ಮನ ಥರ."

ಮಗು ಹೆಜ್ಜೆ ಇಡತೊಡಗಿದಾಗ ನಮ್ಮಲ್ಲಿ ಕಾಲಿಗೆ ಕಪ್ಪು ಬಿಳಿ ಉಣ್ಣೆಯ ದಾರ ಕಟ್ಟಿ ನಿಲ್ಲಿಸುತ್ತಾರೆ. ದೂರದಿಂದ ಜನ ಓಡಿ ಬರುತ್ತಾರೆ, ಮೊದಲು ಮುಟ್ಟಿದವರು ದಾರ ಕತ್ತರಿಸುತ್ತಾರೆ. ಅಲ್ಲಿಂದ ಮಗುವಿನ ದಾರಿ ತೆರೆಯಿತು ಎಂದು ಲೆಕ್ಕ. ಅಜ್ಜನಾದವನು ಅದಕ್ಕೂ ಹೋಗದಿದ್ದರೆ ಮುಖ ತೋರಿಸುವ ಹಾಗಿಲ್ಲ.

"ಮಿನಿಬಸ್ಸಿಗೆ ಹೋಗಿ ಬೈಕೆ," ಎಂದೆ.

ಅವರು ಕೆಂಪಗಾದರು. "ಜನಾನ ಟ್ಯಾಕ್ಸಿ ಹತ್ತಿಸೋಕೆ ಹನ್ನೆರಡು ವರ್ಷ ಮಿನಿಬಸ್ಸನ್ನ ಬೈದು ಅನ್ನ ತಿಂದಿದೀನಿ. ಈಗ ಅದಕ್ಕೇ ಹತ್ತಲಾ?"

ಶನಿವಾರ ಬೆಳಿಗ್ಗೆ ಆರಕ್ಕೇ ಎಸೆಂಗುಲ್‌ನ ಕಾರಿನ ಹಿಂದಿನ ಕಿಟಕಿಯ ಪಕ್ಕ ಬೈಕೆ ಕೂತರು. ಈ ಸಲ ಚೀಲದೊಳಗೆ ಮೊಮ್ಮಗನಿಗೆಂದು ಪುಟ್ಟ ಚರ್ಮದ ಬೂಟು ಇತ್ತು. ಮಾಮೂಲಿನಲ್ಲಿ ಆ ಚೀಲದೊಳಗೆ ಹಳೆಯ ಪತ್ರಿಕೆಗಳು. ನಾನು ಬೀಳ್ಕೊಡಲು ಹೋಗಿದ್ದೆ.

ಏಳಾಯಿತು, ಎಂಟಾಯಿತು. ಒಬ್ಬರೂ ಹತ್ತಲಿಲ್ಲ. ಬಂದವರು ಒಳಗೆ ಇಣುಕುವರು, ಬೈಕೆಯ ಮುಖ ಕಾಣುವರು, ನಗುವರು, ಪಕ್ಕದ ಕಾರಿಗೆ ಹೋಗುವರು. ದೊಡ್ಡ ಮೂಟೆ ಹೊತ್ತ ಒಬ್ಬ ಅಜ್ಜಿಯಂತೂ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು.

"ಇವನಾ! ಹೋದ ವರ್ಷ ನನ್ನ ಜೊತೆ ನಾರಿನ್‌ಗೆ ಹೊರಟಿದ್ದ. ವಸಂತದಲ್ಲಿ ಓಶ್‌ಗೆ ಹೊರಟಿದ್ದ. ಅದೇನು ಕರ್ಮಾನೋ ಪ್ರತಿ ಸಲ ಪಾಸ್‌ಪೋರ್ಟ್ ಮರೀತಾನೆ."

"ಇವತ್ತು ನಿಜವಾಗ್ಲೂ ಹೋಗ್ತಿದೀನಿ ಅಮ್ಮಾ! ಮೊಮ್ಮಗನಾಣೆ!"

"ಮೊಮ್ಮಗನ ಮೇಲೆ ಸುಳ್ಳಾಣೆ ಬೇರೆ!"

ಎಸೆಂಗುಲ್ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ನೀವು ಸ್ವಲ್ಪ ಹೊತ್ತು ಒಳಗೆ ಕೂರಿ. ಕನ್ನಡಕದೋರನ್ನ ನೋಡಿದ್ರೆ ಜನ ನಂಬ್ತಾರೆ. ಗಿರಾಕಿ ತುಂಬಿದ ಮೇಲೆ ತಟ್ತೀನಿ, ಇಳಿದುಬಿಡಿ."

ಹೀಗೆ, ನಿಜವಾಗಿ ಹೋಗುವವರು ಸುಳ್ಳಾಗಿ ಕಾಣುತ್ತಾರೆಂದು, ಸುಳ್ಳಾಗಿ ಕೂರಲು ನಾನು ಹಿಂದಿನ ಸೀಟಿನ ನಡುವೆ ಕೂತೆ. ಸಂಬಳದ ಕೆಲಸದಲ್ಲಿ ಯಾರೂ ನನ್ನನ್ನು ಅಷ್ಟು ನಂಬಿರಲಿಲ್ಲ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇವನು ಓದಿದೋನು ಕಣೋ. ಇವನು ಹೋಗ್ತಾನೆ" ಎಂದು ನನ್ನ ಎಡಗಡೆ ಹತ್ತಿ, ಮೂಟೆಯನ್ನು ನನ್ನ ಮೊಣಕಾಲ ಮೇಲೆ ಇಟ್ಟಳು. ಅವಳನ್ನು ನೋಡಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಒಬ್ಬ ಹುಡುಗ ಬಂದು ಮುಂದೆ ಕೂತ. ಒಂಬತ್ತರ ಹೊತ್ತಿಗೆ, ಕಲ್ಪಾಕ್ ಟೋಪಿಯ ಒಬ್ಬ ದಪ್ಪ ಮನುಷ್ಯ ಏದುಸಿರು ಬಿಡುತ್ತಾ ಬಂದು, "ತಲಾಸಾ?" ಎಂದ.

ಎಸೆಂಗುಲ್ ಫೋನಿನಲ್ಲಿ ಹೆಂಡತಿಯ ಹತ್ತಿರ ಜಗಳವಾಡುತ್ತಿದ್ದ. ಫೋನು ಭುಜಕ್ಕೂ ಕಿವಿಗೂ ಮಧ್ಯೆ ಹಾಗೇ ಇರಲು, ಕಾರಿನ ನೆತ್ತಿಯ ಮೇಲೆ ಎರಡು ಸಲ ತಟ್ಟಿದ.

ಒರೊಜಾಲಿ ಬೈಕೆ ಇಳಿದರು.

ನಡುವೆ ಇದ್ದ ನನಗೆ ದಾರಿ ಬಿಡಲು ಇಳಿದರೆಂದು ನಾನು ತಿಳಿದೆ. ಎಷ್ಟು ಒಳ್ಳೆಯವರು ಎಂದುಕೊಂಡು ಅಜ್ಜಿಯ ಮೂಟೆಯಿಂದ ಮೊಣಕಾಲು ಬಿಡಿಸಿಕೊಳ್ಳುವಷ್ಟರಲ್ಲಿ ದಪ್ಪ ಮನುಷ್ಯ ಒಳಗೆ ಬಂದು, "ಸ್ವಲ್ಪ ಪಕ್ಕಕ್ಕೆ ಸರಿಯಪ್ಪಾ" ಎಂದು ಧೊಪ್ಪನೆ ಕೂತ. ಬಾಗಿಲು ಹಾಕಿಕೊಂಡಿತು. ಕಾರು ಮುಂದೆ ಹೋಯಿತು.

ಆಗಲೂ ನಾನು ಗಾಬರಿಯಾಗಲಿಲ್ಲ. ಹೊರಟೇಬಿಟ್ಟೆವು ಎಂದು ತೋರಿಸಲು ಡ್ರೈವರುಗಳು ಕಾರನ್ನು ಹತ್ತು ಮಾರು ಮುಂದೆ ಒಯ್ದು ನಿಲ್ಲಿಸುವುದುಂಟು. ಇದೂ ಅದೇ ಇರಬೇಕೆಂದು ಪ್ರಯಾಣಿಕನ ಗಾಂಭೀರ್ಯದಿಂದ ಕೂತೆ. ಎರಡನೇ ಸಿಗ್ನಲ್ ದಾಟಿದ ಮೇಲೆ, "ಎಸೆಂಗುಲ್, ನಾನು ಇಳೀಬೇಕಿತ್ತು" ಎಂದೆ. ರೇಡಿಯೋ ಹಾಡುತ್ತಿತ್ತು, ಎಸೆಂಗುಲ್ ಹೆಂಡತಿಗೆ ಕೂಗುತ್ತಿದ್ದ, ದಪ್ಪ ಮನುಷ್ಯ ನನ್ನ ಭುಜದ ಮೇಲೆ ಗೊರಕೆ ಹೊಡೆಯುತ್ತಿದ್ದ. ನನ್ನ ದನಿ ತರಗತಿಯಲ್ಲೇ ಮೂರನೇ ಬೆಂಚಿಗೆ ಮುಟ್ಟುವುದಿಲ್ಲ.

ಸೊಕುಲುಕ್ ಎಂಬ ಊರಿನ ಹತ್ತಿರ ಬಂದಾಗ ನನ್ನ ಫೋನ್ ಬಡಿದುಕೊಂಡಿತು.

"ಮೇಷ್ಟ್ರೇ," ಒರೊಜಾಲಿ ಬೈಕೆಯ ದನಿ ಅಳುವ ಹಾಗಿತ್ತು. "ನಾನು ಇಳಿದುಬಿಟ್ನಲ್ಲಾ! ಇಳಿದು ಚಹಾ ಹೇಳಿದೆ. ಅರ್ಧ ಕುಡಿದೆ. ಚೀಲ ನೋಡಿದೆ, ಬೂಟು! ಅಯ್ಯೋ, ಇವತ್ತು ಹೋಗೋನು ನಾನೇ ಅಲ್ವಾ!"

ನಾನು ಜೀವಮಾನದಲ್ಲಿ ಮೊದಲ ಬಾರಿ ಕಿರುಚಿದೆ. ಎಸೆಂಗುಲ್ ಬ್ರೇಕ್ ಹಾಕಿದ. ಕನ್ನಡಿಯಲ್ಲಿ ನೋಡಿದ. "ನೀವ್ಯಾಕೆ ಇಲ್ಲಿದೀರಿ? ಬೈಕೆ ಎಲ್ಲಿ?"

ವಿಷಯ ತಿಳಿದ ಮೇಲೆ ದಪ್ಪ ಮನುಷ್ಯ, "ನಾನೇನು ವಾಪಸ್ ಬರಲ್ಲ ಸ್ವಾಮಿ, ನನಗೆ ಕೆಲಸ ಇದೆ" ಎಂದ.

"ಹಾಗಾದ್ರೆ ಇಳ್ಕೋ," ಎಂದಳು ಅಜ್ಜಿ. "ಆ ಮನುಷ್ಯ ನಿಜ ಹೇಳ್ತಿದ್ದ ಅಂತ ನನಗೇನು ಗೊತ್ತಿತ್ತು? ಮೊಮ್ಮಗನ ಆಣೆ ಬೇರೆ ಇಟ್ಟ, ನಾನು ಬೈದೆ. ತಿರುಗಿಸೋ ಕಾರು! ಈ ಪಾಪ ನನ್ನ ತಲೆ ಮೇಲೆ ಬೇಡ."

ನಿಲ್ದಾಣದ ಬಾಗಿಲಲ್ಲಿ ಬೈಕೆ ಚೀಲ ಅವಚಿಕೊಂಡು ನಿಂತಿದ್ದರು. ನಾನು ಇಳಿಯಹೋದೆ. ಅವರು ನನ್ನ ಕೋಟು ಹಿಡಿದುಕೊಂಡರು.

"ನೀವು ಇಳೀಬೇಡಿ ಮೇಷ್ಟ್ರೇ. ನನ್ನನ್ನ ಹಿಡ್ಕೊಂಡು ಕೂತಿರಿ. ದಾರೀಲಿ ಯಾರಾದ್ರೂ ಕಾರು ತಟ್ಟಿದ್ರೆ ನಾನು ಇಳಿದುಬಿಡ್ತೀನಿ. ನನ್ನ ಕೈಲಿಲ್ಲ ಅದು."

ಹತ್ತು ಗಂಟೆಗೆ ನನಗೆ ಮಕ್ಕಳ ತರಗತಿಯಿತ್ತು. ಜ್ವರ ಎಂದು ಸಂದೇಶ ಕಳಿಸಿದೆ. ನಾಲ್ಕು ಜನರ ಕಾರಿನಲ್ಲಿ ಐದು ಜನ ತುರುಕಿಕೊಂಡು, ಈ ಸಲ ಎಲ್ಲರೂ ಅಂಗೈ ಚಾಚಿ, ಮುಖ ಸವರಿಕೊಂಡು, ಓಮಿನ್ ಎಂದೆವು. ಬೈಕೆ ಕಣ್ಣು ಮುಚ್ಚಿಕೊಂಡು ಎಲ್ಲರಿಗಿಂತ ಹೆಚ್ಚು ಹೊತ್ತು ಹೇಳಿದರು. ಇಷ್ಟು ವರ್ಷ ಹುಸಿ ಪ್ರಾರ್ಥನೆ ಕೇಳಿದ ದೇವರಿಗೆ ಇದು ಅಸಲಿ ಎಂದು ತಿಳಿಸಬೇಕಿತ್ತೇನೋ.

ತ್ಯೋ-ಅಶೂ ಘಟ್ಟದ ತಿರುವುಗಳಲ್ಲಿ ಕಾರಿನ ಇಂಜಿನ್ ಕುದಿಯಿತು, ಎರಡು ಕಡೆ ನಿಲ್ಲಿಸಿ ನೀರು ಹಾಕಿದೆವು. ನನ್ನ ಹೊಟ್ಟೆಯೂ ಕುದಿಯಿತು, ಮೂರು ಕಡೆ ನಿಲ್ಲಿಸಿದೆವು. ಜರ್ನಿ ಎಂದರೆ ದೂರದ್ದು, ಕಷ್ಟದ್ದು ಎಂದು ಹಲಗೆಯ ಮುಂದೆ ನಿಂತು ಕಲಿಸಿದವನಿಗೆ ಆ ಮಾತಿನ ಅರ್ಥ ಪ್ಲಾಸ್ಟಿಕ್ ಚೀಲದೊಳಗೆ ತಿಳಿಯಿತು. ಬೈಕೆ ಮಾತ್ರ ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದರು. "ಓಡ್ತಾ ಇದೆ ಮೇಷ್ಟ್ರೇ, ಮರಗಳು ಹಿಂದಕ್ಕೆ ಓಡ್ತಾ ಇವೆ!" ಎಂದು ನನ್ನನ್ನು ತಿವಿದು ತಿವಿದು ತೋರಿಸಿದರು. ಕುದುರೆಹಾಲು ಮಾರುವ ಹೆಂಗಸೊಬ್ಬಳು ಕಾರಿನ ಮೇಲೆ ಬಡಿದಾಗ ಅವರ ಕೈ ಬಾಗಿಲಿಗೆ ಹೋಯಿತು. ನಾನೂ ಅಜ್ಜಿಯೂ ಒಟ್ಟಿಗೆ ಹಿಡಿದೆವು.

ಎರಡು ಗಂಟೆಗೆ ನಾವು ಇನ್ನೂ ಸೂಸಾಮಿರ್ ಬಯಲಿನಲ್ಲಿದ್ದೆವು. ಮೂರಕ್ಕೆ ಬೈಕೆ ಕಿಟಕಿಯಿಂದ ಮುಖ ತಿರುಗಿಸಿ ಚೀಲ ಅವಚಿಕೊಂಡರು. ಮಗಳಿಗೆ ಫೋನ್ ಮಾಡಿ ಎಂದೆ. "ಏನಂತ ಹೇಳಲಿ? ಕಾರಲ್ಲಿ ಕೂತಿದೀನಿ ಅಂತಲಾ?" ಎಂದರು. ಆಮೇಲೆ ದಾರಿಯುದ್ದಕ್ಕೂ ಯಾರೂ ನಗಲಿಲ್ಲ.

ಉಳಿದವರನ್ನು ತಲಾಸ್‌ನಲ್ಲಿ ಇಳಿಸಿ ಹಳ್ಳಿ ಮುಟ್ಟಿದಾಗ ಐದಾಗಿತ್ತು. ಹುರುಳಿಕಾಯಿ ಹೊಲದ ಪಕ್ಕದ ಮನೆ. ಅಂಗಳದಲ್ಲಿ ಜನರಿಲ್ಲ, ಕಡಾಯಿಯಿಲ್ಲ, ಹೊಗೆಯಿಲ್ಲ. ಒಬ್ಬ ಹೆಂಗಸು ಕಂಬಳಿಗಳನ್ನು ಬೇಲಿಯ ಮೇಲೆ ಹಾಕಿ ಕೋಲಿನಿಂದ ಬಡಿಯುತ್ತಿದ್ದಳು.

"ಮುಗಿದುಹೋಯ್ತು," ಎಂದರು ಬೈಕೆ. ಗೇಟಿನ ಹೊರಗೇ ನಿಂತರು. "ನೆಂಟರೆಲ್ಲಾ ಹೊರಟೂ ಆಯ್ತು. ಈ ಬೂಟು ನೀವೇ ಒಳಗೆ ಕೊಟ್ಟುಬಿಡಿ ಮೇಷ್ಟ್ರೇ. ನಾನು ಕಾರಲ್ಲಿ ಇರ್ತೀನಿ."

ಹೆಂಗಸು ತಿರುಗಿದಳು. ಕೋಲು ಕೈಯಿಂದ ಬಿತ್ತು.

"ಅಪ್ಪಾ?"

"ತಪ್ಪಾಯ್ತು ಜಿಪಾರ್. ಆರು ಗಂಟೆಗೇ ಕೂತಿದ್ದೆ, ನಿಜವಾಗ್ಲೂ. ಈ ಮೇಷ್ಟ್ರನ್ನೇ ಕೇಳು. ಆಮೇಲೆ ಇಳಿದುಬಿಟ್ಟೆ..."

"ಅಪ್ಪಾ, ಶಾಸ್ತ್ರ ಇವತ್ತಲ್ಲ."

"ಶನಿವಾರ ಅಂದ್ಯಲ್ಲೇ!"

"ಭಾನುವಾರ ಕಣಪ್ಪಾ, ನಾಳೆ. ನಿನಗೆ ಮಾತ್ರ ಬೇಕಂತಲೇ ಒಂದು ದಿನ ಮುಂಚಿನದು ಹೇಳಿದ್ದೆ. ಭಾನುವಾರ ಅಂದಿದ್ರೆ ನೀನು ಬರ್ತಿದ್ದದ್ದು ಸೋಮವಾರ. ಅದೂ ಬಂದರೆ." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಕಂಬಳಿಯ ಧೂಳಿನಲ್ಲಿ ಸರಿಯಾಗಿ ಕಾಣಲಿಲ್ಲ. "ಒಂದು ದಿನ ಮುಂಚೆ ಬಂದುಬಿಟ್ಟಿದೀಯಲ್ಲೋ ಅಪ್ಪಾ! ಬಾ, ಕೂತ್ಕೋ ಬಾ."

"ಕೂರಲ್ಲ," ಎಂದರು ಬೈಕೆ. "ಏನಾದ್ರೂ ಕೆಲಸ ಕೊಡು."

ಅವಳು ಒಂದು ಬುಟ್ಟಿ ಗಜ್ಜರಿ ತಂದು ಮುಂದಿಟ್ಟಳು. ನಾಳೆಯ ಪ್ಲೋವ್ ಅನ್ನಕ್ಕೆ. ಅವರು ನಿಂತೇ ಹೆಚ್ಚಿದರು. ನಾನು ಪಕ್ಕದಲ್ಲಿ ಕೂತು ಈರುಳ್ಳಿ ಸುಲಿದೆ, ನನ್ನ ಕಣ್ಣೀರಿಗೆ ಅದೇ ಕಾರಣ ಎಂದು ಎಲ್ಲರೂ ನಂಬಿದರು.

ಭಾನುವಾರ ಮಕ್ಕಳ ಓಟವಾದ ಮೇಲೆ ಹಿರಿಯರದೂ ಒಂದು ಓಟ ಇಟ್ಟರು. ಐದು ಜನ ಓಡಿದೆವು. ಬೈಕೆ ನಾಲ್ಕನೆಯವರಾಗಿ ಬಂದರು. ಐದನೆಯವನು ಇಪ್ಪತ್ತಾರು ವರ್ಷದ ನಾನು. ದಾರವನ್ನು ಆಗಲೇ ಎದುರುಮನೆಯ ಹುಡುಗಿಯೊಬ್ಬಳು ಕತ್ತರಿಸಿದ್ದಳು. ಮಗು ಹೊಸ ಬೂಟಿನಲ್ಲಿ ಎರಡು ಹೆಜ್ಜೆ ಇಟ್ಟು, ಎಲ್ಲರನ್ನೂ ನೋಡಿ, ಹುಲ್ಲಿನ ಮೇಲೆ ಕೂತುಬಿಟ್ಟಿತು. ಒರೊಜಾಲಿ ಬೈಕೆ ಏದುಸಿರಿನಲ್ಲೇ ಅದನ್ನು ಎತ್ತಿಕೊಂಡರು. ಸಂಜೆಯ ತನಕ ಯಾರು ಕೇಳಿದರೂ ಕೊಡಲಿಲ್ಲ.